ಆಟಿ ತಿಂಗಳಲ್ಲೂ ಬೂಷ್ಟು ಹಿಡಿಯದ ಕಪಾಟು: ಕಾಸರಗೋಡಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಅದು ಹೊಸ ಮನೆಯ ಎರಡನೇ ಮಳೆಗಾಲ. ಚೌತಿಗೆ ಉಡಲಿಕ್ಕೆ ಅಂತ ಅಮ್ಮನ ಮದುವೆ ಸೀರೆ ತೆಗೆದೆ. ಕಪಾಟಿನ ಬಾಗಿಲು ಎಳೆಯುವಾಗಲೇ ಮುಗ್ಗು ವಾಸನೆ. ಸೀರೆ ಬಿಡಿಸಿದರೆ ಮಡಿಕೆಯ ಗೆರೆಯುದ್ದಕ್ಕೂ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು, ಒಂದು ಮಡಿಕೆಯಲ್ಲಿ ಎಲ್ಲಿತ್ತೋ ಮುಂದಿನ ಮಡಿಕೆಯಲ್ಲೂ ಅಲ್ಲೇ, ಅಚ್ಚು ಒತ್ತಿದ ಹಾಗೆ. ಬಾಗಿಲು ಮುಚ್ಚುವಾಗ ಕೆಳಗಿನ ಹಿಂಜ್ ಕೈಗೇ ಬಂತು. ಸ್ಕ್ರೂ ಜೊತೆ ಹೊರಗೆ ಬಂದದ್ದು ಮರ ಅಲ್ಲ, ನೆನೆಸಿದ ಅವಲಕ್ಕಿಯಂಥ ಹುಡಿ.

ಕಪಾಟು ಸಣ್ಣದೇನೂ ಆಗಿರಲಿಲ್ಲ. ನೆಲದಿಂದ ತಾರಸಿಯವರೆಗೆ, ಗೋಡೆಯಿಂದ ಗೋಡೆಗೆ, ಒಂದಿಂಚು ಜಾಗ ಹಾಳಾಗದ ಹಾಗೆ ಕೂರಿಸಿದ್ದು. ಮಾಡಿಕೊಟ್ಟವರು ನೀರಿಗೆ ಏನೂ ಆಗುವುದಿಲ್ಲ ಅಂದಿದ್ದರು. ನಾನು ಕೇಳಿದ್ದು ಬಣ್ಣ ಯಾವುದು, ಕನ್ನಡಿ ಎಲ್ಲಿ, ಡ್ರಾವರ್ ಎಷ್ಟು ಅಂತ ಮಾತ್ರ. ಒರೆಸುವುದು ಹೇಗೆ, ಹಿಂದೆ ಏನಾಗುತ್ತಿದೆ ಅಂತ ನೋಡುವುದು ಹೇಗೆ ಅಂತ ಕೇಳಲೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಮಾಡಿದ ಕಪಾಟಿನ ಫೋಟೋ ಮೊಬೈಲಲ್ಲಿ ನೋಡಿ ಅದನ್ನೇ ಬದಿಯಡ್ಕದಲ್ಲೋ ಉಪ್ಪಳದಲ್ಲೋ ಮಾಡಿಸಿದರೆ ನಡೆಯುವುದಿಲ್ಲ. ಹಾಗಾಗಿ ನಾನು ಈಗ ಯಾವ ಕಪಾಟು ನೋಡಿದರೂ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಆಟಿಯ (ಜುಲೈ-ಆಗಸ್ಟ್‌ನ ತುಳು ತಿಂಗಳು) ಜಡಿಮಳೆಯಲ್ಲಿ, ಒಂದು ಮಧ್ಯಾಹ್ನದೊಳಗೆ, ನಾನೊಬ್ಬಳೇ ಇದರ ಒಳಗೆ, ಹಿಂದೆ, ಕೆಳಗೆ, ಮೇಲೆ ಎಲ್ಲಾ ಒರೆಸಿ ಮುಗಿಸಬಹುದಾ? ಹೌದು ಅಂತಾದರೆ ಮಾತ್ರ ಮುಂದಿನ ಮಾತು.

ಮೊದಲು ಗೋಡೆ ನೋಡಿ, ಕಪಾಟು ಆಮೇಲೆ

ಮುಂಗಾರಿನ ಗಾಳಿಮಳೆ ನಮಗೆ ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದಿಂದ. ಆ ಎರಡು ಬದಿಯ ಹೊರಗೋಡೆಗೆ ಕಪಾಟು ತಾಗಿಸಿ ಇಡಬೇಡಿ. ಮುರಕಲ್ಲಿನ, ಅಂದರೆ ನಮ್ಮ ಕೆಂಪು ಕಲ್ಲಿನ ಗೋಡೆ ನೀರು ಹೀರುತ್ತದೆ. ಹೊರಗೆ ಸಾರಣೆ ಬಿರುಕು ಬಿಟ್ಟಿದ್ದರಂತೂ ಹೇಳುವುದೇ ಬೇಡ, ಒಳಗಿನ ಪೈಂಟ್ ಚೆನ್ನಾಗಿ ಕಂಡರೂ ಗೋಡೆ ಒಳಗೆ ಒದ್ದೆ ಇರುತ್ತದೆ. ನಮ್ಮದು ಪಶ್ಚಿಮದ ಗೋಡೆ. ಕಪಾಟು ಕಿತ್ತಾಗ ಹಿಂದಿನ ಪೈಂಟ್ ಹಪ್ಪಳದ ಹಾಗೆ ಎದ್ದಿತ್ತು.

ಒಳ್ಳೆ ಜಾಗ ಅಂದರೆ ಎರಡು ಕೋಣೆಗಳ ನಡುವಿನ ಒಳಗೋಡೆ. ಆದರೆ ಆಚೆ ಬದಿ ಬಚ್ಚಲು ಇರಬಾರದು. ಅಟ್ಯಾಚ್ಡ್ ಬಾತ್‌ರೂಮ್ ಇರುವ ಮನೆಗಳಲ್ಲಿ ಇದೊಂದು ತಪ್ಪು ತುಂಬಾ ಆಗುತ್ತದೆ.

ಸಂಶಯ ಇದ್ದರೆ ಒಂದು ಸುಲಭದ ಪರೀಕ್ಷೆ ಉಂಟು. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಗಾಳಿ ನುಗ್ಗಬಾರದು. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕೂತಿದ್ದರೆ ಪಸೆ ಗೋಡೆಯಿಂದಲೇ ಬರುತ್ತಿದೆ. ಅದನ್ನು ಸರಿ ಮಾಡದೆ ನೀರು ತಡೆಯುವ ಎಂಥ ಮರೈನ್ ಪ್ಲೈವುಡ್ ತಂದರೂ ಪ್ರಯೋಜನ ಇಲ್ಲ. ಹೊರಬದಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ಪಸೆ ಜಾಸ್ತಿ, ಅದಕ್ಕೆ ಗಾಳಿಯಾಡುವ ದಾರಿ ಮಾಡಬೇಕು. ಈ ಪರೀಕ್ಷೆ ಜುಲೈಯಲ್ಲಿ ಮಾಡಿ. ಮಾರ್ಚ್ ತಿಂಗಳಲ್ಲಿ ಮಾಡಿದರೆ ಎಲ್ಲಾ ಗೋಡೆಗಳೂ ಪಾಸಾಗುತ್ತವೆ.

ಬಟ್ಟೆಯ ಲೆಕ್ಕ

ಇರುವ ಬಟ್ಟೆ ಎಲ್ಲಾ ಒಮ್ಮೆ ಮಂಚದ ಮೇಲೆ ಹಾಕಿ. ದಿನಾ ಉಡುವುದು, ಹೊರಗೆ ಹೋಗಲಿಕ್ಕೆ, ಪೂಜೆ ಮದುವೆಗೆ, ಹಾಸಿಗೆ ಹೊದಿಕೆ, ಹೀಗೆ ರಾಶಿ ಮಾಡಿ. ಎರಡು ವರ್ಷ ಮುಟ್ಟದ್ದನ್ನು ಯಾರಿಗಾದರೂ ಕೊಟ್ಟುಬಿಡಿ. ಉಳಿದದ್ದನ್ನು ಅಳೆಯಿರಿ, ಮತ್ತೆ ಕಾಲು ಭಾಗ ಜಾಗ ಖಾಲಿ ಬಿಟ್ಟು ಕಪಾಟು ಆಲೋಚಿಸಿ. ಆ ಖಾಲಿ ಜಾಗ ಐಷಾರಾಮ ಅಲ್ಲ. ಬಟ್ಟೆಯ ಸುತ್ತ ಗಾಳಿ ಓಡಾಡಬೇಕಾದ್ದು ಅಲ್ಲೇ. ತುರುಕಿ ತುಂಬಿಸಿದ ಖಾನೆಯಲ್ಲಿ ಬೂಷ್ಟು ಮೊದಲು ಬರುವುದು ಯಾವಾಗಲೂ ನಡುವಿನ ಬಟ್ಟೆಗೆ, ನೀವು ಗಮನಿಸಿರಬಹುದು.

ಯಾವುದರಲ್ಲಿ ಮಾಡಿಸುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಹೋಗುವುದೂ ಮೋಸ ಹೋಗುವುದೂ ಇಲ್ಲೇ.

ಪಾರ್ಟಿಕಲ್ ಬೋರ್ಡ್ ಮತ್ತು ಸಾಮಾನ್ಯ ಎಂಡಿಎಫ್ ನಮ್ಮ ಊರಿಗೆ ಬೇಡ. ಎರಡೂ ಮರದ ಹುಡಿಯನ್ನೋ ನಾರನ್ನೋ ಅಂಟು ಹಾಕಿ ಒತ್ತಿ ಮಾಡಿದ್ದು. ಮೇಲಿನ ಲ್ಯಾಮಿನೇಟ್ ನೀರು ತಡೆಯುತ್ತದೆ, ಸರಿ. ಆದರೆ ಸ್ಕ್ರೂ ತೂತಿನಲ್ಲಿ, ಅಂಚಿನ ಪಟ್ಟಿ ಎದ್ದ ಕಡೆ, ಕೆಳಗಿನ ಕೊರೆದ ಬದಿಯಲ್ಲಿ ಪಸೆ ಒಳಗೆ ಹೋದರೆ ಒಮ್ಮೆ ಉಬ್ಬುತ್ತದೆ, ಮತ್ತೆ ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಸ್ಕ್ರೂ ಹಿಡಿತ ತಪ್ಪುತ್ತದೆ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಬರುವ ಜೋಡಿಸುವ ಕಪಾಟುಗಳಲ್ಲಿ ಹೆಚ್ಚಿನವು ಇದೇ. ವಿವರದಲ್ಲಿ "ಎಂಜಿನಿಯರ್ಡ್ ವುಡ್" ಅಂತ ಬರೆದಿರುತ್ತಾರೆ, ಅದನ್ನು ಮರ ಅಂತ ಓದಬೇಡಿ.

ಪ್ಲೈವುಡ್ಡಿನಲ್ಲಿ ಮಾಡಿಸುವುದಾದರೆ ಹಾಳೆಯ ಮೇಲಿನ ಐಎಸ್‌ಐ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದ್ದು. ಐಎಸ್ 710 ಅಂದರೆ ಮರೈನ್ ದರ್ಜೆ. ನನ್ನ ಸಲಹೆ, ಇಡೀ ಕಪಾಟಿಗೆ 710 ಹಾಕಲಿಕ್ಕೆ ಕೈಯಲ್ಲಿ ಸಾಧ್ಯ ಇಲ್ಲದಿದ್ದರೆ ಕೆಳಗಿನ ಹಲಗೆ, ಹಿಂಬದಿ, ಎರಡು ಪಕ್ಕ ಇಷ್ಟಕ್ಕಾದರೂ ಅದನ್ನೇ ಹಾಕಿಸಿ. ಮುದ್ರೆಯ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಮುದ್ರೆ ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಅಸಲೋ ನಕಲೋ ಗೊತ್ತಾಗುತ್ತದೆ. ಮತ್ತೆ ಒಂದು ಕೈ ಅಗಲದ ತುಂಡು ಕೇಳಿ ತನ್ನಿ, ದೊಡ್ಡ ಪಾತ್ರೆಯಲ್ಲಿ ಕೆಲವು ಗಂಟೆ ಕುದಿಸಿ. ಪದರ ಬಿಡಿಸಿಕೊಂಡರೆ ಅದು ಮರೈನ್ ಅಲ್ಲ. ಒಳ್ಳೆ ಅಂಗಡಿಯವರು ತುಂಡು ಕೊಡಲಿಕ್ಕೆ ಬೇಜಾರು ಮಾಡುವುದಿಲ್ಲ.

ಗಟ್ಟಿ ಮರ ನನ್ನ ಮನಸ್ಸಿಗೆ ಹತ್ತಿರದ್ದು. ನಮ್ಮಲ್ಲಿ ಹಲಸು, ಹೆಬ್ಬಲಸು, ತೇಗ ಸಿಗುತ್ತದೆ. ಹೆಬ್ಬಲಸನ್ನು ತುಳುವಿನಲ್ಲಿ ಪೆಜ ಅಂತಾರೆ, ಮಲಯಾಳದಲ್ಲಿ ಆಂಞಿಲಿ. ಬಲಿತ ಹಲಸಿನ ತಿರುಳಿಗೆ ಗೆದ್ದಲು ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಎರಡು ವಿಷಯ. ಒಂದು, ತಿರುಳಿನ ಹೊರಗಿನ ಬಿಳಿ ಭಾಗ ಬೇಡ ಅಂತ ಆಚಾರಿಯವರ ಹತ್ತಿರ ಮೊದಲೇ ಹೇಳಿ, ಕುಟ್ಟೆ (ಮರ ಕೊರೆಯುವ ಹುಳ) ಹಿಡಿಯುವುದು ಆ ಭಾಗಕ್ಕೇ. ಎರಡು, ಹಸಿ ಮರದಲ್ಲಿ ಮಾಡಿಸಬೇಡಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ಹಳೇ ಲೆಕ್ಕ. ಹಳೇ ಮನೆ ಬಿಚ್ಚಿದ ಪಕ್ಕಾಸು, ತೊಲೆ, ಬಾಗಿಲು ಸಿಕ್ಕಿದರೆ ಬಿಡಲೇಬೇಡಿ. ಐವತ್ತು ವರ್ಷ ಮಾಡಿನ ಕೆಳಗೆ ಒಣಗಿದ ಮರ ಅದು, ಅದಕ್ಕಿಂತ ಸೀಸನ್ ಆದದ್ದು ಎಲ್ಲಿ ಸಿಗುತ್ತದೆ? ಮೊಳೆ ಇರುತ್ತದೆ, ಎಲ್ಲಾ ಕಿತ್ತ ಮೇಲೆ ಕೊರೆಯಲಿಕ್ಕೆ ಕೊಡಿ. ರಬ್ಬರ್ ಮರ ಆದರೆ ಬೋರಾನ್ ಹಾಕಿ ಸಂಸ್ಕರಿಸಿದ್ದೇ ಆಗಬೇಕು. ತೋಟದಿಂದ ಕಡಿದು ನೇರ ತಂದರೆ ಕುಟ್ಟೆ ಖಂಡಿತ.

ಕಬ್ಬಿಣದ ಕಪಾಟಿಗೆ ಗೆದ್ದಲಿಲ್ಲ, ಉಬ್ಬುವುದಿಲ್ಲ, ಎಳೆದು ಹಿಂದೆ ಗುಡಿಸಬಹುದು. ತೋಟದ ನಡುವಿನ ಮನೆಗಳಿಗೆ ಒಳ್ಳೆಯದೇ. ಸಮುದ್ರದ ಹತ್ತಿರ, ಮಂಜೇಶ್ವರ, ಉಪ್ಪಳ, ಕುಂಬಳೆ ಪೇಟೆಯ ಕಡೆ, ಉಪ್ಪುಗಾಳಿಗೆ ತುಕ್ಕು ಬೇಗ. ಪೌಡರ್ ಕೋಟಿಂಗ್ ಇರುವುದನ್ನೇ ತೆಗೆದುಕೊಳ್ಳಿ. ಕಾಲಿನ ಬುಡ ಮತ್ತು ಕೆಳಗಿನ ಮಡಿಕೆ ಬಗ್ಗಿ ನೋಡಿ, ಅಲ್ಲಿ ಬಣ್ಣ ತಾಗಿರುವುದಿಲ್ಲ. ಗೀರು ಬಿದ್ದಲ್ಲಿ ಆವತ್ತೇ ಬಣ್ಣ ಮುಟ್ಟಿಸಿ. ಇನ್ನು ಪಿವಿಸಿ (ಪ್ಲಾಸ್ಟಿಕ್), ಡಬ್ಲ್ಯೂಪಿಸಿ (ಮರದ ಹುಡಿ ಸೇರಿದ ಪ್ಲಾಸ್ಟಿಕ್) ಹಲಗೆಗೆ ನೀರಿನ ಹೆದರಿಕೆ ಇಲ್ಲ, ಆದರೆ ಭಾರಕ್ಕೆ ಬಗ್ಗುತ್ತದೆ, ಹಿಂಬದಿಗೆ ಪರವಾಗಿಲ್ಲ.

ಆಕಾರ: ಕೆಳಗೆ, ಹಿಂದೆ, ಮೇಲೆ

ಕಪಾಟಿಗೆ ಕಾಲು ಇರಲಿ. ನೆಲದಿಂದ ಕನಿಷ್ಠ 4 ಇಂಚು, 6 ಇದ್ದರೆ ಇನ್ನೂ ಒಳ್ಳೆಯದು. ಹಿಡಿಸೂಡಿ ಒಳಗೆ ಹೋಗಬೇಕು, ಒರೆಸುವ ಬಟ್ಟೆ ಹೋಗಬೇಕು, ಟಾರ್ಚ್ ಹಿಡಿದರೆ ಹಿಂದಿನ ಗೋಡೆಯ ಬುಡ ಕಾಣಬೇಕು. ಗೆದ್ದಲಿನ ಮಣ್ಣಿನ ಗೆರೆ ಮೊದಲು ಕಾಣಿಸುವುದು ಅಲ್ಲಿ. ಮುಂದೆ ಪಟ್ಟಿ ಹೊಡೆದು ಮುಚ್ಚಿದರೆ ಚಂದ ಕಾಣುತ್ತದೆ, ಆದರೆ ಗೆರೆ ಬಂದದ್ದು ಗೊತ್ತಾಗುವಾಗ ಅದು ಸೀರೆವರೆಗೆ ಏರಿರುತ್ತದೆ. ಮರದ ಕಾಲಿನ ಅಡಿಗೆ ಗ್ರಾನೈಟ್ ತುಂಡೋ ರಬ್ಬರ್ ಬುಡವೋ ಹಾಕಿ.

ಹಿಂದೆ ಗೋಡೆಗೂ ಕಪಾಟಿಗೂ ನಡುವೆ 2 ಇಂಚು ಬಿಡಿ. ಗಾಳಿ ಕೆಳಗಿನಿಂದ ಹೊಕ್ಕು ಹಿಂದಿನಿಂದ ಏರಿ ಮೇಲೆ ಹೋಗಬೇಕು. ಹಾಗಾಗಿ ತಾರಸಿಗೆ ಅಂಟಿಸಬೇಡಿ. ಮೇಲೆ ಒಂದೂವರೆ ಅಡಿ ಜಾಗ ಬಿಟ್ಟರೆ ಧೂಳು ಕೂರುತ್ತದೆ ಅಂತ ಹೇಳುತ್ತಾರೆ, ಕೂರುತ್ತದೆ ಹೌದು. ಹಳೇ ಬೆಡ್‌ಶೀಟ್ ಹಾಸಿ, ತಿಂಗಳಿಗೊಮ್ಮೆ ತೆಗೆದು ಒಗೆಯಿರಿ, ಆಯಿತು. ಮುಚ್ಚಿದ ಮೇಲ್ಖಾನೆಯೊಳಗೆ ಕಾಣದೆ ಬೆಳೆಯುವ ಬೂಷ್ಟಿಗಿಂತ ಕಣ್ಣಿಗೆ ಕಾಣುವ ಧೂಳು ಎಷ್ಟೋ ವಾಸಿ.

ಗೋಡೆಯೊಳಗೇ ಕಾಂಕ್ರೀಟ್ ಹಲಗೆಯ ಕಪಾಟು ಇರುವ ಮನೆಗಳು ನಮ್ಮಲ್ಲಿ ತುಂಬಾ. ಅದನ್ನು ಒಡೆಯಬೇಕಾಗಿಲ್ಲ. ಹಿಂಬದಿ ಹೊರಗೋಡೆ ಆಗಿದ್ದರೆ ಅಲ್ಲಿ ಬಟ್ಟೆ ಬೇಡ, ಸ್ಟೀಲ್ ಪಾತ್ರೆಯೋ ಪ್ಲಾಸ್ಟಿಕ್ ಡಬ್ಬವೋ ಇಡಿ. ಒಳಗೋಡೆ ಆಗಿದ್ದರೆ ಸುಣ್ಣ ಹೊಡೆದು, ಗಾಳಿಕಿಂಡಿ ಇರುವ ಬಾಗಿಲು ಹಾಕಿಸಿ.

ಬಾಗಿಲು ಅಂದಾಗ, ಜಾರುವ ಬಾಗಿಲು ನೋಡಲಿಕ್ಕೆ ಚಂದ, ಸಣ್ಣ ಕೋಣೆಗೆ ಅನುಕೂಲ. ಆದರೆ ಯಾವಾಗಲೂ ಅರ್ಧವೇ ತೆರೆಯುತ್ತದೆ, ಕೆಳಗಿನ ಹಳಿಯಲ್ಲಿ ಕೂದಲು ಧೂಳು ಸೇರಿ ಕೆಲವೇ ತಿಂಗಳಲ್ಲಿ ಕಿರುಗುಟ್ಟುತ್ತದೆ. ಪೂರ್ತಿ ತೆರೆದು ಫ್ಯಾನ್ ಗಾಳಿ ಒಳಗೆ ಬಿಡಬೇಕಾದರೆ ಮಾಮೂಲಿ ತಿರುಗುವ ಬಾಗಿಲೇ ಸರಿ. ಮೇಲೆ ಕೆಳಗೆ ಒಂದೊಂದು ಗೇಣು ಅಡ್ಡಪಟ್ಟಿಯ ಗಾಳಿಕಿಂಡಿ ಮಾಡಿಸಿ, ಒಳಬದಿಗೆ ಸೊಳ್ಳೆಪರದೆಯ ಸಣ್ಣ ಜಾಲರಿ ಹೊಡೆಸಿ. ಜಿರಳೆ ಬರುವುದಿಲ್ಲ.

ಒಳಗಿನ ಅಳತೆ

ಹ್ಯಾಂಗರ್ ಅಡ್ಡ ತಾಗದೆ ನಿಲ್ಲಲಿಕ್ಕೆ ಒಳಗೆ 22ರಿಂದ 24 ಇಂಚು ಆಳ ಬೇಕು. ಮಡಚಿದ ಬಟ್ಟೆಗೆ 15, 16 ಇಂಚು ಸಾಕು. ಅದಕ್ಕಿಂತ ಆಳ ಆದರೆ ಹಿಂದೊಂದು ಸಾಲು ಹುಟ್ಟಿಕೊಳ್ಳುತ್ತದೆ, ಆ ಸಾಲನ್ನು ವರ್ಷಗಟ್ಟಲೆ ಯಾರೂ ನೋಡುವುದಿಲ್ಲ. ಶರ್ಟು, ಕುರ್ತಾ ತೂಗಲಿಕ್ಕೆ 40 ಇಂಚು ಎತ್ತರ, ಉದ್ದ ಬಟ್ಟೆಗೆ 60ಕ್ಕಿಂತ ಮೇಲೆ. 18 ಮಿಲಿಮೀಟರ್ ಪ್ಲೈ ಹಲಗೆ 3 ಅಡಿಗಿಂತ ಉದ್ದ ಆದರೆ ನಡುವೆ ಬಗ್ಗುತ್ತದೆ, ಒಂದು ಆಧಾರ ಕೊಡಿ. ಹಲಗೆಗಳನ್ನು ಮೊಳೆ ಹೊಡೆದು ಕೂರಿಸಬೇಡಿ, ಪಿನ್ನಿನ ಮೇಲೆ ಇಟ್ಟರೆ ಎತ್ತಿ ಹೊರಗೆ ತಂದು ಬಿಸಿಲಿಗೆ ಇಡಬಹುದು. ಇದೊಂದನ್ನು ಮಾತ್ರ ಹಟ ಹಿಡಿದಾದರೂ ಮಾಡಿಸಿ.

ಒಳಗಡೆ ಬಿಳಿ ಅಥವಾ ತೆಳು ಬಣ್ಣದ ಲ್ಯಾಮಿನೇಟ್ ಹಾಕಿಸಿ. ಕಡು ಬಣ್ಣದ ಮೇಲೆ ಬೂಷ್ಟಿನ ಮೊದಲ ಚುಕ್ಕೆ ಕಾಣುವುದಿಲ್ಲ. ಹಲಗೆಯ ಎಲ್ಲಾ ಅಂಚಿಗೂ, ಕಣ್ಣಿಗೆ ಕಾಣದ ಹಿಂದಿನ ಕೆಳಗಿನ ಅಂಚಿಗೂ ಪಟ್ಟಿ ಬರಬೇಕು. ಕೆಲಸ ಮುಗಿದ ದಿನ ಕೈ ಹಾಕಿ ಸವರಿ ನೋಡಿ, ಬರೀ ಮರ ತಾಗಿದರೆ ಅಲ್ಲೇ ನಿಲ್ಲಿಸಿ ಹಾಕಿಸಿ.

ಹಿಂಜ್ ಮತ್ತು ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. 7 ಅಡಿ ಬಾಗಿಲಿಗೆ ನಾಲ್ಕು ಹಿಂಜ್ ಬೇಕು, ಮೂರಕ್ಕೆ ಒಪ್ಪಬೇಡಿ. ಡ್ರಾವರ್ ಕಡಿಮೆ ಮಾಡಿಸಿ, ಒಳ ಉಡುಪು ಕಾಗದಪತ್ರಕ್ಕೆ ಎರಡು ಸಾಕು. ಉಳಿದದ್ದಕ್ಕೆ ಬೆತ್ತದ ಬುಟ್ಟಿ ಇಟ್ಟರೆ ಎತ್ತಿ ಒಗೆದು ಒಣಗಿಸಬಹುದು.

ಮಂಚದ ಅಡಿ

ಪೆಟ್ಟಿಗೆ ಮಂಚ ಬೇಡ. ನೆಲದ ಥಂಡಿ, ಮೇಲಿನಿಂದ ಹಾಸಿಗೆಯ ಬೆವರು, ನಡುವೆ ಗಾಳಿ ಇಲ್ಲದ ಕತ್ತಲೆ ಪೆಟ್ಟಿಗೆ. ಅದರೊಳಗೆ ಕಂಬಳಿ ಇಟ್ಟವರಿಗೆ ಗೊತ್ತು. ಪಟ್ಟಿ ಪಟ್ಟಿ ಇರುವ ಮಂಚ, ಅಡಿಯಲ್ಲಿ ಒಂದಡಿ ಎತ್ತರ, ಚಕ್ರ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ಎರಡು. ವಾರಕ್ಕೊಮ್ಮೆ ಎಳೆದು ಗುಡಿಸಿದರೆ ಮುಗಿಯಿತು.

ವರ್ಷದ ಕೆಲಸ, ನಮ್ಮ ತಿಂಗಳುಗಳ ಲೆಕ್ಕದಲ್ಲಿ

ಮಳೆಗಾಲಕ್ಕೆ ಮುಂಚೆ ಕೋಲ, ಯಕ್ಷಗಾನ ನಿಲ್ಲಿಸುವ ದಿನ ಪತ್ತನಾಜೆ, ಅದು ಬರುವುದು ಮೇ 24ರ ಆಸುಪಾಸು. ಅಷ್ಟರೊಳಗೆ ಕಪಾಟು ಪೂರ್ತಿ ಖಾಲಿ ಮಾಡಿ, ಹಲಗೆ ಬಿಸಿಲಿಗೆ, ಬಟ್ಟೆ ಬಿಸಿಲಿಗೆ. ರೇಷ್ಮೆ ಮಾತ್ರ ನೆರಳಿನ ಗಾಳಿಯಲ್ಲಿ. ಬಿಸಿ ಬಿಸಿ ಬಟ್ಟೆ ಒಳಗೆ ಇಡಬೇಡಿ, ಆರಲಿ. ಬೋರಿಕ್ ಹುಡಿಯನ್ನು ಕಪಾಟಿನ ಕಾಲಿನ ಸುತ್ತ ಉದುರಿಸಿ, ಮಕ್ಕಳು ಮತ್ತು ಬೆಕ್ಕು ಮುಟ್ಟದ ಹಾಗೆ.

ಮಳೆ ಶುರುವಾದ ಮೇಲೆ ಒಂದು ನಿಯಮ ತಪ್ಪಬಾರದು: ಅರೆ ಒಣಗಿದ ಬಟ್ಟೆ ಕಪಾಟಿಗೆ ಇಲ್ಲ. ಆಟಿಯಲ್ಲಿ ಬಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ, ಒಣಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸೊಂಟಪಟ್ಟಿ, ಕಾಲರ್, ಜೇಬಿನ ಒಳಗೆ ಕೆನ್ನೆಗೆ ತಾಗಿಸಿ ನೋಡಿ, ಕೆನ್ನೆಗೆ ಪಸೆ ಬೇಗ ಗೊತ್ತಾಗುತ್ತದೆ. ಸಂಶಯ ಇದ್ದರೆ ಇಸ್ತ್ರಿ ಹಾಕಿ ಹತ್ತು ನಿಮಿಷ ಹೊರಗೆ ಬಿಡಿ. ಅಡಿಕೆ ಡ್ರೈಯರ್ ಇರುವ ಮನೆಯವರಿಗೆ ಈ ಚಿಂತೆ ಕಡಿಮೆ.

ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತಲ್ಲಿ ಬಾಗಿಲು ತೆರೆದು ಅರ್ಧ ಗಂಟೆ ಫ್ಯಾನ್ ಹಾಕಿ. ಎಸಿ ಇದ್ದರೆ ಡ್ರೈ ಮೋಡಿನಲ್ಲಿ ಹಾಕಿ ಕಿಟಕಿ ಮುಚ್ಚಿ, ಕಪಾಟು ತೆರೆದಿಡಿ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಒಳಗೆ ಒಂದು ಇಡಿ. 60 ಶೇಕಡಕ್ಕಿಂತ ಕೆಳಗೆ ಇದ್ದರೆ ನಿಶ್ಚಿಂತೆ, 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಆಹ್ವಾನ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಗಳು ನಿಜವಾಗಿ ಕೆಲಸ ಮಾಡುತ್ತವೆ. ಅದನ್ನು ಕೆಳಗಿನ ಮೂಲೆಯಲ್ಲಿ ನೇರ ನಿಲ್ಲಿಸಿ, ಡಬ್ಬ ಮಗುಚಿ ನೀರು ಚೆಲ್ಲಿದರೆ ಬಟ್ಟೆಯೂ ಹಾಳು, ಕಬ್ಬಿಣವೂ ಹಾಳು.

ನುಸಿಗುಳಿಗೆ, ಅಂದರೆ ಬಿಳಿ ನ್ಯಾಫ್ತಲೀನ್ ಗುಂಡಿನ ಬಗ್ಗೆ ಒಂದು ಗಂಭೀರ ಮಾತು. ಅದು ಹುಳಕ್ಕೆ, ಬೂಷ್ಟಿಗಲ್ಲ. ಎಳೆಮಕ್ಕಳ ಬಟ್ಟೆಯ ಹತ್ತಿರ ಅದನ್ನು ಇಡಲೇಬೇಡಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ನ್ಯಾಫ್ತಲೀನ್ ರಕ್ತಕಣ ಒಡೆದು ಕಾಮಾಲೆ ತರುತ್ತದೆ, ಮತ್ತೆ ಆ ಕೊರತೆ ಇದೆ ಅಂತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಜರಿಗೂ ಅದು ತಾಗಬಾರದು. ಲಾವಂಚದ ಬೇರು, ಲವಂಗದ ಗಂಟು ಸಾಕು, ಪರಿಮಳವೂ ಹಿತ.

ಸೋಣ (ಆಗಸ್ಟ್-ಸೆಪ್ಟೆಂಬರ್) ಮುಗಿದು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಶುರುವಾಗುವ ನಡುವೆ ಸ್ವಲ್ಪ ಬಿಸಿಲು ಸಿಗುತ್ತದೆ, ಆಗ ಇನ್ನೊಮ್ಮೆ ಎಲ್ಲಾ ಹೊರಗೆ. ರೇಷ್ಮೆ ಸೀರೆಗಳನ್ನು ಮೂರು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಚಿ, ಒಗೆದ ಹತ್ತಿ ಮುಂಡಿನಲ್ಲಿ ಸುತ್ತಿ ನಡುವಿನ ಖಾನೆಯಲ್ಲಿ ಇಡಿ. ಪ್ಲಾಸ್ಟಿಕ್ ಕವರ್ ಬೇಡ. ನಮ್ಮ ಕಾಸರಗೋಡು ಸೀರೆ ಹತ್ತಿಯದ್ದು, ಅದನ್ನು ಗಂಜಿ ಹಾಕಿದ ಹಾಗೇ ಮಳೆಗಾಲಕ್ಕೆ ಎತ್ತಿಡಬೇಡಿ. ಗಂಜಿ ಅಂದರೆ ಬೂಷ್ಟಿಗೂ ಬೆಳ್ಳಿಮೀನು ಹುಳಕ್ಕೂ ಊಟ. ಗಂಜಿ ತೆಗೆದು ಒಗೆದು ಇಟ್ಟು, ಉಡುವ ಮುಂಚೆ ಮತ್ತೆ ಹಾಕಿದರಾಯಿತು.

ಇಷ್ಟಾದರೂ ಬಂದರೆ

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಾಸ್ಕ್ ಇದ್ದರೆ ಅದು. ಬಟ್ಟೆಯನ್ನು ಕೋಣೆಯೊಳಗೆ ಕೊಡವಬೇಡಿ, ಹುಡಿ ಎಲ್ಲಾ ಕಡೆ ಹೋಗಿ ಕೂರುತ್ತದೆ. ಜಗಲಿಗೆ ತಂದು ಒಣ ಬ್ರಶ್ಶಿನಲ್ಲಿ ಉಜ್ಜಿ. ಕಪಾಟಿನ ಲ್ಯಾಮಿನೇಟನ್ನು ಸಾಬೂನು ನೀರಿನಲ್ಲಿ ಒರೆಸಿ, ಆಮೇಲೆ ಬಿಳಿ ವಿನೆಗರ್ ಹಚ್ಚಿ ಒಂದು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಬೂಷ್ಟಿನ ಮೇಲೆಯೇ ಪೈಂಟ್ ಹೊಡೆಯಬೇಡಿ, ಮುಂದಿನ ಮಳೆಗೆ ಪೈಂಟ್ ಸೀಳಿ ಬರುತ್ತದೆ. ಬಿಳಿ ಹತ್ತಿ ಬಟ್ಟೆಗೆ ಬಿಸಿನೀರು, ಬಿಸಿಲು ಎರಡೂ ಕೊಡಿ.

ರೇಷ್ಮೆಗೆ ಮಾತ್ರ ಮನೆಯಲ್ಲಿ ಏನೂ ಹಚ್ಚಬೇಡಿ, ದಯವಿಟ್ಟು. ನಾನು ಯಾರೋ ಹೇಳಿದರು ಅಂತ ಅಮ್ಮನ ಸೀರೆಯ ಸೆರಗಿಗೆ ನಿಂಬೆರಸ ಉಜ್ಜಿದೆ. ಕಪ್ಪು ಚುಕ್ಕೆ ಹೋಗಲಿಲ್ಲ, ಸುತ್ತಲಿನ ಕೆಂಪು ಬಣ್ಣ ಹೋಯಿತು, ರೂಪಾಯಿ ನಾಣ್ಯದಷ್ಟು ಅಗಲಕ್ಕೆ ನಾಲ್ಕು ಕಡೆ. ಉಳಿದ ಚುಕ್ಕೆಗಳನ್ನು ಮುಟ್ಟದೆ ರೇಷ್ಮೆ ಗೊತ್ತಿರುವ ಡ್ರೈಕ್ಲೀನರ್ ಹತ್ತಿರ ಕೊಂಡುಹೋದೆ. ಮುಕ್ಕಾಲು ಭಾಗ ಹೋಯಿತು. ಮೊದಲೇ ಕೊಟ್ಟಿದ್ದರೆ ಸೆರಗೂ ಉಳಿಯುತ್ತಿತ್ತು ಅಂದರು ಅವರು.